ಒಡೆದ ಕಾರ್ಮಿಕ ಕಾಂಗ್ರೆಸ್ಸಿನ ಪುನಸ್ಸಂಧಾನ

1920ನೆಯ ಇಸವಿಯಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸು ಹತ್ತು ವರ್ಷ ತುಂಬುವ ಮೊದಲೇ ಒಡೆಯಿತು. 1929ರಲ್ಲಿ ನಾಗಪುರದ ಅಧಿವೇಶನಕ್ಕೆ ಜವಾಹರಲಾಲ ನೆಹರೂ ಅಧ್ಯಕ್ಷರು. ಸರಕಾರವು ನೇಮಿಸಿದ ವಿಟ್ಲೀ ಆಯೋಗದ ಬಹಿಷ್ಕಾರವೇ ಮೊದಲಾದ ನಿರ್ಣಯಗಳು ಗೆದ್ದಮೇಲೆ ಎನ್. ಎಂ. ಜೋಶಿ, ವಿ. ವಿ. ಗಿರಿ ಮುಂತಾದವರು ಹೊರನಡೆದು ಬೇರೆ ಒಕ್ಕೂಟವನ್ನು ಕಟ್ಟಿದರು. ಜೋಶಿಯವರು ಆ ಆಯೋಗದ ಸದಸ್ಯರೇ ಆಗಿದ್ದರೆಂಬುದನ್ನು ಇಲ್ಲಿ ಮರೆಯಲಾಗದು. 1931ರಲ್ಲಿ ಕಲಕತ್ತೆಯಲ್ಲಿ ಕಮ್ಯೂನಿಸ್ಟರೂ ಬೇರ್ಪಟ್ಟರು. ಅವರ ಮುಖಂಡರಲ್ಲಿ ಹಲವರು ಆಗ ಮೀರತ್ ಮೊಕದ್ದಮೆಯ ಸೆರೆಯಲ್ಲಿದ್ದರು. ವ್ಯಾಪಾರ ಕುಸಿದು ಕೂಲಿ ಇಳಿಯುತ್ತಿದ್ದ ಆ ಕಾಲದಲ್ಲಿ ಕೂಲಿಕಾರನ ಪರವಾಗಿ ಮಾತನಾಡಲು ಮೂರು ಸಂಸ್ಥೆಗಳು, ಒಂದಕ್ಕೂ ಪೂರ್ಣಬಲವಿಲ್ಲ.

1935ರಲ್ಲಿ ಕಮ್ಯೂನಿಸ್ಟರು ಮರಳಿದರು. ಜೋಶಿಯವರ ಪಕ್ಷದೊಡನೆ ಸಂಧಾನವಾದುದು 1938ರಲ್ಲಿ, ಒಡಕು ಹುಟ್ಟಿದ ನಾಗಪುರದಲ್ಲಿಯೇ. ಯಾರೂ ತಮ್ಮ ತತ್ತ್ವವನ್ನು ಬಿಟ್ಟುಕೊಡಲಿಲ್ಲ. ಮತದಾನದ ನಿಯಮವೊಂದಕ್ಕೆ ಒಡಂಬಟ್ಟರು. ರಾಜಕೀಯ ಪ್ರಶ್ನೆಗಳನ್ನೂ ಮುಷ್ಕರಗಳನ್ನೂ ಕುರಿತ ನಿರ್ಣಯಕ್ಕೆ ನಾಲ್ಕರಲ್ಲಿ ಮೂರುಪಾಲು ಮತ ಬೇಕು. ಆಡಳಿತ ಮಂಡಲಿಯಲ್ಲಿ ಉಭಯರಿಗೂ ಸಮಪ್ರಾತಿನಿಧ್ಯ. 1940ರಲ್ಲಿ ಒಕ್ಕೂಟವು ಕಾಂಗ್ರೆಸ್ಸಿನಲ್ಲಿ ಲೀನವಾಗಿ ಜೋಶಿಯವರೇ ಪ್ರಧಾನ ಕಾರ್ಯದರ್ಶಿಗಳಾದರು.

ಈ ನಿಯಮವನ್ನು ಅಂಜುಬುರುಕುತನವೆಂದು ಹಳಿಯುವುದು ಸುಲಭ. ಬಹುಮತಕ್ಕೆ ಇದು ಮೂಗುದಾರವೇ ಸರಿ. ಆದರೆ ಅಲ್ಪಮತದವರು ಸೋತ ದಿನವೇ ಸಭೆಯನ್ನು ತೊರೆಯಬೇಕಾದ ಕಾರಣವು ಇದರಿಂದ ತಪ್ಪಿತು. ನಾಗಪುರದ ಮೊದಲ ಅಧಿವೇಶನಕ್ಕೆ ಇಲ್ಲದಿದ್ದುದು ಇದೇ. ಭಿನ್ನಾಭಿಪ್ರಾಯವೇನೋ ಅಳಿಯಲಿಲ್ಲ. 1941ರಲ್ಲಿ ಎಂ. ಎನ್. ರಾಯರ ಅನುಯಾಯಿಗಳು ಯುದ್ಧಪ್ರಯತ್ನವನ್ನು ಬೆಂಬಲಿಸಲೆಂದು ಬೇರೆಯಾಗಿ ಇಂಡಿಯನ್ ಫೆಡರೇಷನ್ ಆಫ್ ಲೇಬರ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹನ್ನೆರಡು ವರ್ಷಗಳ ಹಿಂದೆ ಹೊರನಡೆದಿದ್ದ ಜೋಶಿಯವರು ಈ ಸಲ ಕಾಂಗ್ರೆಸ್ಸಿನ ಕಾರ್ಯದರ್ಶಿಗಳಾಗಿಯೇ ಉಳಿದರು.