ಗುರುದೀಕ್ಷೆ ಮತ್ತು ವೈದ್ಯವೃತ್ತಿ: ಮುಳಬಾಗಿಲು ಸೀಮೆಯಿಂದ ಒಂದು ಪರಿಶೀಲನೆ

ಮುಳಬಾಗಿಲಿನವರಿಗೆ ಪುಂಗನೂರು ದೂರದ ಊರಲ್ಲ. ಆಂಧ್ರದ ಗಡಿಯಾಚೆಗಿನ ಆ ಪಾಳೆಯಪಟ್ಟಿನಲ್ಲಿ 18ನೇ ಶತಮಾನದ ಮೊದಲ ವರ್ಷಗಳಲ್ಲೇ ಫ್ರೆಂಚ್ ಜೆಸ್ಯೂಟ್ ಪಾದ್ರಿಗಳು ನೆಲೆಯೂರಿದ್ದರು. ಅವರ ಕರ್ನಾಟಿಕ್ ಮಿಷನ್ನಿನ ಓಡಾಟ ಚಿಕ್ಕಬಳ್ಳಾಪುರ, ದೇವನಹಳ್ಳಿಗಳವರೆಗೂ ಇತ್ತು. ಅಂದರೆ ಕಥೋಲಿಕ ಗುರುಗಳು ಈ ಸೀಮೆಗೆ ಪರಿಚಿತರಾಗಿ ಮುನ್ನೂರು ವರ್ಷವಾಯಿತು. ಆದರೂ ಇಲ್ಲಿನ ಹಳಬರ ಬಾಯಲ್ಲಿ ‘ಮಿಷನ್ ಆಸ್ಪತ್ರೆ’ ಎಂದರೆ ಕೋಲಾರದ ಇ.ಟಿ.ಸಿ.ಎಂ., ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ. ಅದನ್ನು 20ನೇ ಶತಮಾನದ ಆರಂಭದಲ್ಲಿ ಕಟ್ಟಿದವರು ಅಮೆರಿಕದ ಮೆಥೋಡಿಸ್ಟ್ ಮಹಿಳೆಯರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ವೆಸ್ಲಿಯನ್ನರದು, ಬೆಟಗೇರಿಯದು ಬಾಸೆಲ್ ಮಿಷನ್ನಿನದು. ಹಳೆಯ ಮೈಸೂರಿನಲ್ಲಾಗಲಿ ಉತ್ತರದಲ್ಲಾಗಲಿ, ವೈದ್ಯ ಮಿಷನರಿ ಎಂಬ ಮಾದರಿ ಬೆಳೆದದ್ದು ಪ್ರಾಟೆಸ್ಟೆಂಟ್ ಪಂಗಡಗಳಲ್ಲಿ. ಮೊದಲೇ ಬಂದಿದ್ದ ಕಥೋಲಿಕ ಗುರುಗಳಲ್ಲಿ ಅದು ಬೆಳೆಯದೆ ಹೋದದ್ದೇಕೆ?

ಹಣವಿರಲಿಲ್ಲ, ಜನರಿರಲಿಲ್ಲ ಎಂಬ ಉತ್ತರ ಸುಲಭ. ಅರ್ಧ ನಿಜವೂ ಹೌದು. ಮುಖ್ಯ ಕಾರಣ ಧರ್ಮಸಭೆಯ ಕಾನೂನಿನಲ್ಲಿದೆ ಎಂಬುದು ಈ ಲೇಖನದ ವಾದ. ಗುರುದೀಕ್ಷೆ ಪಡೆದವನು ವೈದ್ಯನಾಗುವುದಕ್ಕೆ ರೋಮ್ ಎಂಟು ಶತಮಾನ ಅಡ್ಡಿ ಹಾಕಿತ್ತು. ಕರ್ನಾಟಕದಲ್ಲಿ ಆ ಎರಡು ವೃತ್ತಿಗಳು ಒಂದೇ ಮೈಯಲ್ಲಿ ಕೂಡಿದ್ದು ಕಾನೂನು ಬಿಟ್ಟುಕೊಟ್ಟ ಸಂದಿಗಳಲ್ಲಿ ಮಾತ್ರ.

ಆ ಅಡ್ಡಿ ಒಮ್ಮೆಗೇ ಬಂದದ್ದಲ್ಲ. 1139ರ ಎರಡನೆಯ ಲ್ಯಾಟರನ್ ಪರಿಷತ್ತು ಮಠವಾಸಿಗಳು ಲಾಭಕ್ಕಾಗಿ ವೈದ್ಯವನ್ನೂ ಲೌಕಿಕ ಕಾನೂನನ್ನೂ ಕಲಿಯುವುದನ್ನು ಖಂಡಿಸಿತು. ಅಲ್ಲಿನ ಆಕ್ಷೇಪ ದುಡ್ಡಿನ ಆಸೆಯ ಮೇಲೆ. 1215ರ ನಾಲ್ಕನೆಯ ಲ್ಯಾಟರನ್ ಪರಿಷತ್ತಿನ 18ನೇ ನಿಯಮ ಬೇರೆ ಬಗೆಯದು: ಉಪಸೇವಕ (ಸಬ್‌ಡೀಕನ್), ಸೇವಕ (ಡೀಕನ್), ಗುರು ಈ ಮೂವರೂ ಸುಡುವ ಅಥವಾ ಕೊಯ್ಯುವ ಶಸ್ತ್ರಚಿಕಿತ್ಸೆಗೆ ಕೈಹಾಕಬಾರದು. ಇದನ್ನು ವೈದ್ಯದ್ವೇಷವೆಂದು ಓದುವವರು ಅದೇ ನಿಯಮದ ಉಳಿದ ಸಾಲುಗಳನ್ನು ಬಿಟ್ಟುಬಿಡುತ್ತಾರೆ. ಮರಣದಂಡನೆಯ ತೀರ್ಪು ಕೊಡಬಾರದು, ಕುದಿನೀರು ಅಥವಾ ಕಾದ ಕಬ್ಬಿಣದ ದಿವ್ಯಪರೀಕ್ಷೆಯನ್ನು ಆಶೀರ್ವದಿಸಬಾರದು ಎಂದೂ ಅದೇ ನಿಯಮ ಹೇಳುತ್ತದೆ. ಬಲಿಪೀಠದ ಮುಂದೆ ನಿಲ್ಲುವ ಕೈ ರಕ್ತಕ್ಕೂ ಸಾವಿಗೂ ಕಾರಣವಾಗಬಾರದೆಂಬುದು ಅದರ ಆತಂಕ. ಕಷಾಯ ಕುಡಿಸುವುದನ್ನೂ ಪಥ್ಯ ಹೇಳುವುದನ್ನೂ ಅದು ತಡೆದಿರಲಿಲ್ಲ.

1917ರ ಧರ್ಮಸಭಾ ಸಂಹಿತೆ ಈ ಸಂದಿಯನ್ನೂ ಮುಚ್ಚಿತು. ಅದರ 139ನೇ ವಿಧಿಯಂತೆ ರೋಮಿನ ವಿಶೇಷ ಅನುಮತಿಯಿಲ್ಲದೆ ಗುರುವರ್ಗದವರು ಚಿಕಿತ್ಸೆಯನ್ನಾಗಲಿ ಶಸ್ತ್ರಚಿಕಿತ್ಸೆಯನ್ನಾಗಲಿ ಮಾಡುವಂತಿಲ್ಲ. 985ನೇ ವಿಧಿ ಇನ್ನೂ ಕಠಿಣ. ನಿಷೇಧ ಮೀರಿ ಚಿಕಿತ್ಸೆ ಕೊಟ್ಟು ರೋಗಿ ಸತ್ತರೆ ಆ ಗುರು ತನ್ನ ದೀಕ್ಷೆಯ ಕಾರ್ಯಗಳನ್ನು ನಡೆಸಲು ಅನರ್ಹನಾಗುತ್ತಾನೆ. ರೋಗಿಗಳು ಸಾಯುವುದು ವೈದ್ಯವೃತ್ತಿಯಲ್ಲಿ ಇದ್ದದ್ದೇ. ಹಾಗಿರುವಾಗ ಯಾವ ಗುರು ಆ ಸಾಹಸಕ್ಕಿಳಿದಾನು?

ಇದು ಯುರೋಪಿನ ವಿಚಿತ್ರ ಮಡಿ ಎಂದು ನಾವು ಬೀಗುವ ಹಾಗಿಲ್ಲ. ಮನುಸ್ಮೃತಿ ಶ್ರಾದ್ಧದ ಪಂಕ್ತಿಯಿಂದ ಚಿಕಿತ್ಸಕನನ್ನು ಹೊರಗಿಡುತ್ತದೆ, ಅವನ ಅನ್ನವೂ ಉಣ್ಣತಕ್ಕದ್ದಲ್ಲ ಎನ್ನುತ್ತದೆ. ತೈತ್ತಿರೀಯ ಸಂಹಿತೆಯಲ್ಲಿ ದೇವವೈದ್ಯರಾದ ಅಶ್ವಿನಿಗಳಿಗೇ ಯಜ್ಞದ ಸೋಮ ಸಿಗಬೇಕಾದರೆ ಮೊದಲು ಶುದ್ಧೀಕರಣವಾಗಬೇಕಾಯಿತು. ಪೌರೋಹಿತ್ಯಕ್ಕೂ ವೈದ್ಯಕ್ಕೂ ನಡುವೆ ಗೋಡೆ ಎಬ್ಬಿಸಿದ ಸಮಾಜಗಳು ಒಂದಲ್ಲ, ಎರಡಲ್ಲ. ಆ ಗೋಡೆಯನ್ನು ಲೆಕ್ಕಿಸದ ಪರಂಪರೆಯೂ ಕನ್ನಡ ನಾಡಿನಲ್ಲಿತ್ತು. ಔಷಧದಾನವನ್ನು ನಾಲ್ಕು ದಾನಗಳಲ್ಲಿ ಒಂದೆಂದು ಎಣಿಸಿದ ಜೈನರಲ್ಲಿ ಉಗ್ರಾದಿತ್ಯಾಚಾರ್ಯನಂಥ ಮುನಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನೇ ಬರೆದ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ ಆ ಕಾಳಾಮುಖ ಮಠವನ್ನು ವೇದಾಧ್ಯಯನದ, ಅನ್ನದಾನದ ತಾಣವೆಂದು ಹೊಗಳುವುದರ ಜೊತೆಗೆ ನಾನಾ ರೋಗಿಗಳ ಚಿಕಿತ್ಸೆಯ ಸ್ಥಾನವೆಂದೂ ಹೇಳುತ್ತದೆ. ಆದ್ದರಿಂದ ಔಷಧದ ಪೆಟ್ಟಿಗೆ ಹಿಡಿದ ಸನ್ಯಾಸಿ ನಮ್ಮ ಜನರಿಗೆ ಹೊಸಬನಾಗಿರಲಿಲ್ಲ. ವಿವರಣೆ ಕೊಡಬೇಕಾಗಿ ಬಂದದ್ದು ರೋಮಿಗೆ.

ಮೈಸೂರು ಸಂಸ್ಥಾನದಲ್ಲಿ, 1917ಕ್ಕೆ ಮೊದಲು ತೆರೆದೇ ಇದ್ದ ರೋಮಿನ ಕಾನೂನಿನ ಸಂದಿಯೊಳಗೆ ನುಸುಳಿದ ಮೊದಲಿಗರಲ್ಲಿ ಅಬ್ಬೆ ದ್ಯುಬುವಾ ಒಬ್ಬರು. ಪ್ಯಾರಿಸ್ ವಿದೇಶಿ ಮಿಷನ್ನಿನ ಈ ಗುರು 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಲು ಮೈಸೂರಿಗೆ ಬಂದರು. ಹಿಂದೂ ಆಚಾರ ವಿಚಾರಗಳ ಬಗ್ಗೆ ಬರೆದ ಪುಸ್ತಕದಿಂದ ಅವರ ಹೆಸರು ಉಳಿದಿದೆ. ಸಿಡುಬಿನ ಲಸಿಕೆಗಾಗಿ ಅವರು ಪಟ್ಟ ಪಾಡು ಅಷ್ಟು ಪ್ರಸಿದ್ಧವಲ್ಲ. ಭಾರತದಲ್ಲಿ ಮೊದಲ ಲಸಿಕೆ ಬಿದ್ದದ್ದು 1802ರ ಜೂನ್ 14ರಂದು, ಮುಂಬಯಿಯಲ್ಲಿ. ಆಗ ಶೀತಲಪೆಟ್ಟಿಗೆ ಇರಲಿಲ್ಲ, ಲಸಿಕೆ ತೋಳಿಂದ ತೋಳಿಗೆ ಸಾಗಬೇಕಿತ್ತು. ಒಂದು ಮಗುವಿನ ತೋಳಿಗೆ ಚುಚ್ಚಿ ಎಂಟನೆಯ ದಿನದ ಹೊತ್ತಿಗೆ ಏಳುವ ಬೊಕ್ಕೆಯ ರಸವನ್ನು ಲ್ಯಾನ್ಸೆಟ್ಟಿನ ಮೊನೆಯಲ್ಲಿ ತೆಗೆದು ಮುಂದಿನ ಮಗುವಿಗೆ ಹಾಕಬೇಕು. ವಾರವಾರವೂ ಹೊಸ ಮಗು ಸಿಗದಿದ್ದರೆ ಸರಪಳಿ ಅಲ್ಲಿಗೇ ಕಡಿಯಿತು. ಯಾವ ಜಾತಿಯ ಮಗುವಿನ ರಸ ಯಾವ ಜಾತಿಯ ಮಗುವಿಗೆ ಎಂಬ ತಕರಾರು ಒಂದು ಕಡೆ, ‘ಅಮ್ಮ’ ಮುನಿದರೆ ಎಂಬ ಭಯ ಇನ್ನೊಂದು ಕಡೆ. ಕೈಗೆ ಕತ್ತಿ ಮುಟ್ಟಿಸಬಾರದ ಗುರು ಲ್ಯಾನ್ಸೆಟ್ಟಿನ ಕೆಲಸಕ್ಕೆ ಬೆನ್ನಾಗಿ ನಿಂತರು. ಲ್ಯಾಟರನ್ ಹೇಳಿದ ಕೊಯ್ತಕ್ಕೆ ಈ ಚುಚ್ಚು ಸೇರುತ್ತದೆಯೋ ಇಲ್ಲವೋ ಎಂದು ವಾದಿಸಬಹುದು. ನನ್ನ ಮಟ್ಟಿಗೆ ಸೇರುವುದಿಲ್ಲ. ಆದರೆ ದ್ಯುಬುವಾ ವೈದ್ಯರಲ್ಲ, ಪ್ರಚಾರಕರು, ವ್ಯವಸ್ಥಾಪಕರು. ಗುರು ಮತ್ತು ವೈದ್ಯ ನಿಜವಾಗಿ ಒಬ್ಬರೇ ಆಗಿದ್ದ ನಿದರ್ಶನಕ್ಕೆ ಘಟ್ಟ ಇಳಿಯಬೇಕು.

ಆಗಸ್ಟಸ್ ಮುಲ್ಲರ್ 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಹುಟ್ಟಿ ಯೇಸುಸಭೆ ಸೇರಿದವರು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸ್ಯೂಟರ ತಂಡದಲ್ಲಿದ್ದರು. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಅಧ್ಯಾಪಕರು. ವಿದ್ಯಾರ್ಥಿಗಳಿಗೆ ಹೋಮಿಯೋಪಥಿ ಗುಳಿಗೆ ಕೊಡುತ್ತಿದ್ದವರ ಸುತ್ತ ಊರಿನ ಬಡವರೂ ನೆರೆದರು. ಅದೇ ವರ್ಷ ಕಂಕನಾಡಿಯಲ್ಲಿ ಬಡವರ ಹೋಮಿಯೋಪಥಿ ಔಷಧಾಲಯ ಶುರುವಾಯಿತು. ಆಲದ ಮರದ ಕೆಳಗೆ ಶುರುವಾಯಿತೆಂದು ಇಂದಿಗೂ ಹೇಳುತ್ತಾರೆ. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ, ಪ್ಲೇಗ್ ಬಂದಾಗ 1902ರಲ್ಲಿ ಪ್ಲೇಗಿನ ಆಸ್ಪತ್ರೆ, 1907ರಲ್ಲಿ ಸರ್ಕಾರದಿಂದ ಕೈಸರ್-ಇ-ಹಿಂದ್ ಪದಕ. 1910ರ ನವೆಂಬರ್ 1ರಂದು ತೀರಿಕೊಂಡರು.

ಹೋಮಿಯೋಪಥಿಯೇ ಏಕೆ ಎಂಬ ಪ್ರಶ್ನೆಯನ್ನು ಜೀವನಚರಿತ್ರೆಗಳು ವೈಯಕ್ತಿಕ ಒಲವು ಎಂದು ಮುಗಿಸಿಬಿಡುತ್ತವೆ. ಒಲವು ಇದ್ದಿರಲೇಬೇಕು. ಆದರೆ ಆ ಪದ್ಧತಿ ಗುರುವಿನ ಕೈಗೆ ಎಷ್ಟು ಹೊಂದುತ್ತದೆಂಬುದನ್ನು ಗಮನಿಸಬೇಕು. ಅದರಲ್ಲಿ ಕೊಯ್ತವಿಲ್ಲ, ಸುಡುವುದಿಲ್ಲ, ರಕ್ತ ತೆಗೆಯುವುದಿಲ್ಲ. ಮದ್ಯಸಾರದಲ್ಲಿ ಇಳಿಸಿದ ಮೂಲದ್ರವವನ್ನು ಮತ್ತೆ ಮತ್ತೆ ತೆಳುಮಾಡಿ, ಸಾಸಿವೆ ಗಾತ್ರದ ಸಕ್ಕರೆ ಗುಳಿಗೆಗಳ ಮೇಲೆ ಹನಿಸಿ, ಬೂಚು ಹಾಕಿದ ಗಾಜಿನ ಕುಪ್ಪಿಗೆ ತುಂಬಿದರೆ ಔಷಧ ಸಿದ್ಧ. ಅದು ಗುಣಪಡಿಸುತ್ತದೆಯೇ ಎಂಬ ವಿವಾದ ಆಗಲೂ ಇತ್ತು, ಈಗಲೂ ಇದೆ. ಈ ಗುಳಿಗೆಯಿಂದ ರೋಗಿ ಸತ್ತನೆಂದು ಯಾರೂ ಬೆರಳು ತೋರಿಸುವ ಸಂಭವ ಮಾತ್ರ ತೀರಾ ಕಡಿಮೆ. ಲ್ಯಾಟರನ್ನಿನ ಎರಡು ಆತಂಕಗಳೂ ಇಲ್ಲಿ ಕರಗಿಹೋಗುತ್ತವೆ. ಆ ಕಾಲಕ್ಕೆ ಹೋಮಿಯೋಪಥಿಗೆ ದೇಶದಲ್ಲಿ ನೋಂದಣಿಯೂ ಇರಲಿಲ್ಲ. ಅದಕ್ಕೆ ಕೇಂದ್ರ ಮಂಡಳಿಯ ಕಾಯಿದೆ ಬಂದದ್ದು 1973ರಲ್ಲಿ. ಹೀಗೆ ರೋಮಿನ ಕಾನೂನಿನ ಸಂದಿಯೂ ಸರ್ಕಾರಿ ಕಾನೂನಿನ ಸಂದಿಯೂ ಒಂದೇ ಕಡೆ ಕೂಡಿದ್ದವು. ಮುಲ್ಲರ್ ತಮ್ಮ ಔಷಧಗಳನ್ನು ಅಂಚೆಯಲ್ಲಿ ದೇಶದ ಮೂಲೆಮೂಲೆಗೆ ಕಳಿಸಿದರು, ಆ ಮಾರಾಟದ ಹಣ ಬಡರೋಗಿಗಳ ಖರ್ಚಿಗೆ ಒದಗಿತು. ಗುರುವರ್ಗ ವ್ಯಾಪಾರ ಮಾಡಬಾರದೆಂಬ ನಿಯಮವೂ ಇದೆ ಎಂಬುದನ್ನು ನೆನೆದರೆ ಅವರ ಧೈರ್ಯಕ್ಕೆ ತಲೆದೂಗಬೇಕು.

ಅವರ ಹಿಂದೆ ಒಂದು ಸಾಲು ಬೆಳೆಯಲಿಲ್ಲ. ಕಂಕನಾಡಿಯ ಸಂಸ್ಥೆ ಬೆಳೆಯಿತು: 1985ರಲ್ಲಿ ಹೋಮಿಯೋಪಥಿ ಕಾಲೇಜು, 1999ರಲ್ಲಿ ಎಂ.ಬಿ.ಬಿ.ಎಸ್. ಕಾಲೇಜು. ಆದರೆ ಅಲ್ಲಿ ಗುರುವಿನ ಕುರ್ಚಿ ನಿರ್ದೇಶಕರ ಕೋಣೆಯಲ್ಲಿದೆ, ಹೊರರೋಗಿ ವಿಭಾಗದಲ್ಲಿ ಕೂರುವುದು ಗೃಹಸ್ಥ ವೈದ್ಯರು. ಇಡೀ ಕರ್ನಾಟಕದ ಕಥೋಲಿಕ ಆಸ್ಪತ್ರೆಗಳಲ್ಲಿ ನೆಲೆನಿಂತ ಏರ್ಪಾಡು ಬಹುಮಟ್ಟಿಗೆ ಇದೇ.

ಸ್ಟೆಥಾಸ್ಕೋಪ್ ಹೋದದ್ದು ಸಿಸ್ಟರುಗಳ ಕೊರಳಿಗೆ. ಗಂಡಸು ವೈದ್ಯರ ಮುಂದೆ ಬಾರದ ಹೆಂಗಸರು ಹೆರಿಗೆಯಲ್ಲಿ ಸಾಯುತ್ತಿದ್ದ ಭಾರತದ ಸ್ಥಿತಿಯೇ ರೋಮಿನ ಮನಸ್ಸು ತಿರುಗಿಸಿತು. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದು ಕನ್ಯಾಸ್ತ್ರೀಯಾದರು. ವೈದ್ಯವೃತ್ತಿ ಮುಂದುವರಿಸಲು ಅವರಿಗೆ ಪೋಪರ ವಿಶೇಷ ಅನುಮತಿಯೇ ಬೇಕಾಯಿತು. ಕನ್ಯಾಸ್ತ್ರೀಯರು ಪ್ರಸೂತಿ, ಶಸ್ತ್ರಚಿಕಿತ್ಸೆ ಸಹಿತ ವೈದ್ಯ ಮಾಡಬಹುದೆಂದು ರೋಮ್ ಸಾಮಾನ್ಯ ಅನುಮತಿ ಕೊಟ್ಟದ್ದು 1936ರ ಫೆಬ್ರವರಿ 11ರಂದು. ಗ್ಲೌರಿ 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘ ಕಟ್ಟಿ, ಕಥೋಲಿಕ ವೈದ್ಯಕಾಲೇಜಿನ ಕನಸು ಬಿತ್ತಿ, 1957ರಲ್ಲಿ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಆರು ವರ್ಷಗಳ ನಂತರ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಕಾಲೇಜು ತೆರೆಯಿತು. ಅಲ್ಲಿನ ಪ್ರವೇಶದಲ್ಲಿ ಕನ್ಯಾಸ್ತ್ರೀಯರಿಗೆ ಪ್ರತ್ಯೇಕ ಆದ್ಯತೆಯಿದೆ. ಕನ್ಯಾಸ್ತ್ರೀಯರಿಗೆ 1936ರಲ್ಲಿ ಬಾಗಿಲು ತೆರೆದು ಸುಮಾರು ಅರ್ಧ ಶತಮಾನ ಕಳೆಯುವವರೆಗೂ ಗುರುಗಳ ಮೇಲಿನ ನಿಷೇಧ ಸಂಹಿತೆಯಲ್ಲಿ ಹಾಗೆಯೇ ಇತ್ತು. ದೀಕ್ಷೆಯ ವಿಷಯದಲ್ಲಿ ಹೆಣ್ಣಿಗೆ ಏನನ್ನೂ ಕೊಡದ ವ್ಯವಸ್ಥೆ ಈ ಒಂದು ವಿಷಯದಲ್ಲಿ ಗಂಡಿಗಿಂತ ಮೊದಲು ಹೆಣ್ಣಿಗೆ ಕೊಟ್ಟಿತು.

ಕೋಲಾರ ಜಿಲ್ಲೆಗೆ ಸೇಂಟ್ ಜಾನ್ಸ್ ಬಂದದ್ದು ಹಾಲಿನ ದಾರಿಯಲ್ಲಿ. ಆಗ ಈ ಜಿಲ್ಲೆಗೇ ಸೇರಿದ್ದ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ 1973ರಲ್ಲಿ ಹಾಲು ಸಹಕಾರ ಸಂಘವೂ ಕಾಲೇಜಿನ ಸಮುದಾಯ ವೈದ್ಯರೂ ಸೇರಿ ಆರೋಗ್ಯ ಸಹಕಾರವೊಂದನ್ನು ಕಟ್ಟಿದರು. ಡೇರಿಗೆ ಹಾಕಿದ ಹಾಲಿನ ಹಣದಲ್ಲಿ ಚೂರುಪಾರು ಆರೋಗ್ಯ ನಿಧಿಗೆ ಸೇರುತ್ತಿತ್ತು. ಒಬ್ಬ ತ್ಯಾಗಿ ವೈದ್ಯಗುರುವಿನ ಮೇಲೆ ನಿಲ್ಲದೆ ಊರಿನ ಲೆಕ್ಕದ ಪುಸ್ತಕದ ಮೇಲೆ ನಿಂತ ಪ್ರಯೋಗ ಅದು. ಈ ಸೀಮೆಯ ಮಟ್ಟಿಗೆ ಕಂಕನಾಡಿಗಿಂತ ಮಳ್ಳೂರೇ ದೊಡ್ಡ ಪಾಠವೆಂದು ನನಗೆ ಅನ್ನಿಸುತ್ತದೆ.

1983ರ ಹೊಸ ಸಂಹಿತೆ ವೈದ್ಯನಿಷೇಧವನ್ನು ಸದ್ದಿಲ್ಲದೆ ಕೈಬಿಟ್ಟಿತು. ಅಂಗಚ್ಛೇದದ ಅನರ್ಹತೆ ಉಳಿದಿದೆಯಾದರೂ ಅದು ದುರುದ್ದೇಶದ ಗಂಭೀರ ಕೃತ್ಯಕ್ಕೆ ಮಾತ್ರ; ಮಧುಮೇಹದಿಂದ ಕೊಳೆತ ಕಾಲನ್ನು ತೆಗೆದ ಸರ್ಜನ್ ಗುರುವಾಗಲು ಅದು ಅಡ್ಡಿಯಲ್ಲ. ಇಂದು ಕಾನೂನು ಬಿಟ್ಟರೂ ತೊಡಕುಗಳು ಬಿಡವು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಪಾಪನಿವೇದನೆಯ ಗುಟ್ಟು.

ಮುಳಬಾಗಿಲಿನಂಥ ಊರಿನ ಧರ್ಮಕೇಂದ್ರದಲ್ಲಿ ಗುರುವೇ ಡಾಕ್ಟರೆಂದು ಇಟ್ಟುಕೊಳ್ಳೋಣ. ಕ್ಷಯಕ್ಕೆ ಅವರ ಹತ್ತಿರವೇ ಮಾತ್ರೆ ತೆಗೆದುಕೊಳ್ಳುವ ಗಾರೆ ಕೆಲಸದವನು ಶನಿವಾರ ಸಂಜೆ ಪಾಪನಿವೇದನೆಗೆ ಮಂಡಿಯೂರಿ, “ಸ್ವಾಮಿ, ಎರಡು ತಿಂಗಳಿಂದ ಮಾತ್ರೆ ನುಂಗಿಲ್ಲ, ಮನೇಲಿ ಸುಳ್ಳು ಹೇಳ್ತಿದೀನಿ” ಎನ್ನುತ್ತಾನೆ. ಕ್ಷಯದ ಪ್ರಕರಣಗಳನ್ನು ವೈದ್ಯರು ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ಮನೆಯಲ್ಲಿ ಎಳೆಮಕ್ಕಳಿದ್ದಾರೆ. ಆದರೆ ಹೊಸ ಸಂಹಿತೆಯ 983ನೇ ವಿಧಿಯಂತೆ ಆ ಮಾತನ್ನು ಗುರು ಹೊರಗೆ ಆಡುವಂತಿಲ್ಲ. 984ನೇ ವಿಧಿ ಇನ್ನೂ ಮುಂದೆ ಹೋಗುತ್ತದೆ: ಗುಟ್ಟು ಬಯಲಾಗದಿದ್ದರೂ, ನಿವೇದಿಸಿದವನಿಗೆ ತೊಡಕಾಗುವಂತೆ ಆ ತಿಳಿವಳಿಕೆಯನ್ನು ಬಳಸುವಂತಿಲ್ಲ. ಸೋಮವಾರ ಅದೇ ವ್ಯಕ್ತಿ ಚೀಟಿ ಹಿಡಿದು ಕ್ಲಿನಿಕ್ಕಿಗೆ ಬಂದಾಗ ಡಾಕ್ಟರಿಗೆ ಗೊತ್ತಿರುವುದನ್ನು ಡಾಕ್ಟರ್ ಬರೆಯುವ ಹಾಗಿಲ್ಲ. ಎಲ್ಲರನ್ನೂ ಕೇಳುವ ಹಾಗೆ ಕೇಳಬಹುದು, ಅವನೇ ಹೇಳಲಿ ಎಂದು ಕಾಯಬಹುದು. ನಿವೇದನೆಯ ಹೊತ್ತಿನಲ್ಲೇ, ಡಾಕ್ಟರಿಗೆ ನೀನೇ ಹೇಳು ಎಂದು ಬುದ್ಧಿಹೇಳುವುದು ಉಳಿದ ಒಂದೇ ದಾರಿ. ತನ್ನ ರೋಗಿಗಳ ಪಾಪನಿವೇದನೆಯನ್ನು ಬೇರೆ ಗುರುವಿಗೆ ಬಿಡುವುದು ವಿವೇಕ. ತಾಲ್ಲೂಕು ಊರಿನಲ್ಲಿ ಬೇರೆ ಗುರು ಎಲ್ಲಿಂದ ಬರಬೇಕು?

ಕಾಲದ ಲೆಕ್ಕವೂ ಇದೆ. ತತ್ವಶಾಸ್ತ್ರ, ದೈವಶಾಸ್ತ್ರಗಳಿಗೆ ಪೂರ್ತಿ ಆರು ವರ್ಷ, ಎಂ.ಬಿ.ಬಿ.ಎಸ್.ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ, ಮುಂದೆ ಎಂ.ಡಿ. ಎಂದರೆ ಇನ್ನೂ ಮೂರು. ಅಷ್ಟಾದ ಮೇಲೆ ಧರ್ಮಾಧ್ಯಕ್ಷರು ಒಪ್ಪಿಸಿದ ಕೆಲಸವನ್ನು ನಿಭಾಯಿಸುವುದು ಗುರುವಿನ ಕರ್ತವ್ಯ. ಧರ್ಮಕೇಂದ್ರದ ಗುರುಗಳಿಗೆ ಸಾಮಾನ್ಯವಾಗಿ ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತದೆ. ಕೊಳವೆಬಾವಿಯ ಫ್ಲೋರೈಡ್ ನೀರಿನಿಂದ ಹಲ್ಲು ಕಂದಿ ಮೂಳೆ ಬಿಗಿಯುವ ಈ ಸೀಮೆಯಲ್ಲಿ ರೋಗಿಯ ಚರಿತ್ರೆ ದಶಕಗಳದು. ಅದನ್ನು ನೋಡುವ ಕಣ್ಣು ಅಲ್ಲೇ ಇರಬೇಕು. ಮುಲ್ಲರ್ ಕಂಕನಾಡಿಯಲ್ಲಿ ಮೂವತ್ತು ವರ್ಷ ಉಳಿದರು. ಹಾಗೆ ಉಳಿಯಗೊಟ್ಟದ್ದು ಅವರ ಮೇಲಧಿಕಾರಿಗಳ ನಿರ್ಧಾರ, ಸಂಹಿತೆಯ ಯಾವ ವಿಧಿಯೂ ಅಲ್ಲ. ಇಂದು ಮುಳಬಾಗಿಲಿಗೆ ವೈದ್ಯಗುರುವೊಬ್ಬರನ್ನು ಕಳಿಸಬಯಸುವ ಧರ್ಮಾಧ್ಯಕ್ಷರು ಮೊದಲು ಬದಲಿಸಬೇಕಾದದ್ದು ವರ್ಗಾವಣೆಯ ಪಟ್ಟಿಯನ್ನು.