ಎಲುಬಿನ ಕುಳಿಗೆ ಯಾವ ಸೆರಾಮಿಕ್? ಜಾಂಬೋಟಿ ಭಾಗದ ರೋಗಿಯನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ
ಜಾಂಬೋಟಿ ಇರುವ ಖಾನಾಪುರ ತಾಲ್ಲೂಕಿಗೆ ಸೆರಾಮಿಕ್ ಹೊಸತೇನಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೇ ಖಾನಾಪುರದಲ್ಲಿ. ಆದರೆ ಆವಿಗೆಯಲ್ಲಿ ಸುಡುವ ಜೇಡಿಮಣ್ಣು ಅಲ್ಯುಮಿನಿಯಂ ಸಿಲಿಕೇಟ್. ಎಲುಬಿನ ಕುಳಿ ತುಂಬುವ ಸೆರಾಮಿಕ್‌ಗಳು ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್. ಎಲುಬಿನ ತೂಕದ ಸುಮಾರು ಮೂರನೇ ಎರಡು ಪಾಲು ಇದೇ ಜಾತಿಯ ಖನಿಜವಾದ್ದರಿಂದ ದೇಹ ಇದನ್ನು ಒಪ್ಪಿಕೊಳ್ಳುತ್ತದೆ.

ರೋಗಿಯ ಸೊಂಟದಿಂದಲೇ ತೆಗೆದ ಎಲುಬಿಗೆ ಇವು ಯಾವುವೂ ಸಾಟಿಯಲ್ಲ. ಅದು ಸಾಲದಾದಾಗ ಇವುಗಳ ನಡುವೆ ಆರಿಸಬೇಕು. ಹೋಲಿಕೆಗೆ ನಾನು ಮೊದಲು ಹಿಡಿಯುವ ಅಳತೆಗೋಲು ಕರಗುವ ವೇಗ.

ಹಳೆಯದು ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಡ್ರೀಸ್ಮನ್ ಎಂಬ ಶಸ್ತ್ರವೈದ್ಯ ಇದನ್ನು ಬಳಸಿದ್ದನ್ನು 1892ರಲ್ಲೇ ವರದಿ ಮಾಡಿದ್ದ. ಅಗ್ಗ, ಆದರೆ ಒಂದರಿಂದ ಮೂರು ತಿಂಗಳಲ್ಲಿ ಕರಗಿಹೋಗುತ್ತದೆ. ಸ್ಲ್ಯಾಬ್ ಗಟ್ಟಿಯಾಗುವ ಮೊದಲೇ ಸೆಂಟ್ರಿಂಗ್ ಬಿಚ್ಚಿದಂತೆ. ಹೈಡ್ರಾಕ್ಸಿಅಪಟೈಟ್ ಇದಕ್ಕೆ ತದ್ವಿರುದ್ಧ. ಕ್ಯಾಲ್ಸಿಯಂ-ಫಾಸ್ಫರಸ್ ಅನುಪಾತ 1.67, 1100ರಿಂದ 1300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಹರಳು ದೊಡ್ಡದಾಗಿ, ದೇಹದಲ್ಲಿ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್‌ನ ಅನುಪಾತ 1.5. ಇದು ಕೆಲವು ತಿಂಗಳಿಂದ ಎರಡು ವರ್ಷದೊಳಗೆ ಕರಗಿ ಹೊಸ ಎಲುಬಿಗೆ ಜಾಗ ಬಿಡುತ್ತದೆ. ಇವೆರಡನ್ನೂ ಬೆರೆಸಿದ ಪುಡಿಗಳೂ ಉಂಟು. 60:40 ಪ್ರಮಾಣದ್ದು ಹೆಚ್ಚು ಬಳಕೆಯದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಇದಕ್ಕೆ ಕ್ಯಾಲ್ಸಿಯಂ ಸಿಲಿಕೇಟ್ ಕೂಡಿಸಿದ ಸೆರಾಮಿಕ್ ರೂಪಿಸಿದ್ದಾರೆ. ದನದ ಎಲುಬಿನಿಂದ ತೆಗೆದ ಖನಿಜವೂ ಮಾರುಕಟ್ಟೆಯಲ್ಲಿದೆ. ಅದನ್ನು ಹಾಕುವ ಮುನ್ನ ರೋಗಿಗೆ ಬಾಯಿಬಿಟ್ಟು ಹೇಳಲೇಬೇಕು.

ಇನ್ನು ರೋಗಿಯ ವಿಷಯ. ಜಾಂಬೋಟಿಯಿಂದ ಬೆಳಗಾವಿಗೆ ರಸ್ತೆಯುಂಟು. ಆದರೆ ಜಾಂಬೋಟಿಯಾಚೆ ಭೀಮಗಡ ಕಾಡಿನೊಳಗಿನ ಊರುಗಳವರಿಗೆ ಮಳೆಗಾಲದಲ್ಲಿ ಹಳ್ಳ ದಾಟುವುದೇ ಕಷ್ಟ. ಜೂನ್‌ನಲ್ಲಿ ಶಸ್ತ್ರಚಿಕಿತ್ಸೆಯಾದವರು ಸೆಪ್ಟೆಂಬರ್‌ವರೆಗೆ ಮರಳಿ ತೋರಿಸಿಕೊಳ್ಳಲು ಬಾರದೇ ಇರಬಹುದು. ಸಲ್ಫೇಟ್ ಕರಗಿ ಮುಗಿಯುವುದೂ ಅದೇ ಅವಧಿಯಲ್ಲಿ. ಹಾಗಾಗಿ ಇಂಥವರಿಗೆ, ಸುತ್ತಲೂ ಗಟ್ಟಿ ಗೋಡೆಯಿರುವ ಕುಳಿಯಾದರೆ, ಮಿಶ್ರ ಫಾಸ್ಫೇಟೇ ಸುರಕ್ಷಿತವೆಂದು ನನ್ನ ಅಭಿಪ್ರಾಯ. ಭಾರ ಹೊರುವ ಜಾಗದಲ್ಲಿ ಪ್ಲೇಟು, ಸ್ಕ್ರೂಗಳ ಆಸರೆಯಿಲ್ಲದೆ ಯಾವ ಸೆರಾಮಿಕ್ಕನ್ನೂ ನಂಬುವಂತಿಲ್ಲ. ರಂಧ್ರಮಯ ಸೆರಾಮಿಕ್ ಸುಲಭವಾಗಿ ಬಿರಿಯುತ್ತದೆ. ರಂಧ್ರಗಳಿಲ್ಲದೆಯೂ ಆಗದು, ರಕ್ತನಾಳ ಒಳಹೊಕ್ಕು ಎಲುಬು ಬೆಳೆಯಲು ಅವು 100 ಮೈಕ್ರಾನ್‌ಗಿಂತ ದೊಡ್ಡವಿರಬೇಕು, 300 ದಾಟಿದರೆ ಇನ್ನೂ ಒಳ್ಳೆಯದು.

ಎಕ್ಸ್‌ರೇ ಓದುವಾಗ ಎಚ್ಚರ ಬೇಕು. ಸೆರಾಮಿಕ್ ತಾನೇ ಬೆಳ್ಳಗೆ ಕಾಣುವುದರಿಂದ ಮೊದಲ ದಿನವೇ ಕುಳಿ ತುಂಬಿದಂತೆ ತೋರುತ್ತದೆ. ನೋಡಬೇಕಾದದ್ದು ಸೆರಾಮಿಕ್ ಕಣದ ಅಂಚು. ಅದು ಚೂಪಾಗಿಯೇ ಉಳಿದು ಸುತ್ತ ಕಪ್ಪು ಗೆರೆಯಿದ್ದರೆ ಎಲುಬು ಇನ್ನೂ ಕೂಡಿಲ್ಲ. ಅಂಚು ಮಸುಕಾಗುತ್ತ ಸುತ್ತಲಿನ ಎಲುಬಿನೊಳಗೆ ಬೆರೆತರೆ ಕೂಡುತ್ತಿದೆ.

ಕೇಸ್ ಪೇಪರಿನಲ್ಲಿ ಬರೀ ‘ಬೋನ್ ಗ್ರಾಫ್ಟ್’ ಎಂದು ಬರೆದರೆ ಮುಂದೆ ಯಾವ ಹೋಲಿಕೆಯೂ ಸಾಧ್ಯವಿಲ್ಲ. ಹಾಕಿದ್ದು ಯಾವ ಫಾಸ್ಫೇಟ್, ಯಾವ ಪ್ರಮಾಣದ್ದು, ಕಣದ ಗಾತ್ರವೆಷ್ಟು ಎಂಬುದನ್ನು ವೈದ್ಯರು ದಯವಿಟ್ಟು ಬರೆದಿಡಬೇಕು.