ಜಾಲತಾಣದ ಮಾರಾಟ ಪ್ಲಗಿನ್‌ಗಳಲ್ಲಿನ ಕ್ರಾಸ್-ಸೈಟ್ ಸ್ಕ್ರಿಪ್ಟಿಂಗ್ ದೋಷ: ನೇಕಾರರು ಹಾಗೂ ಮಾರಾಟಗಾರರಿಗೆ ಮಾಹಿತಿ

ಪೀಠಿಕೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆ ಸೀರೆಗೂ ಚಳ್ಳಕೆರೆ ಕುರಿ ಕಂಬಳಿಗೂ ಹೆಸರಾದ ಪ್ರದೇಶ. ಇಂತಹ ಉತ್ಪನ್ನಗಳನ್ನು ಸ್ವಂತ ಜಾಲತಾಣದ ಮೂಲಕ ಮಾರಲು ಇಚ್ಛಿಸುವವರು ಸಾಮಾನ್ಯವಾಗಿ ಸಿದ್ಧ ಮಾರಾಟ ಪ್ಲಗಿನ್‌ಗಳನ್ನು ಅಳವಡಿಸಿಕೊಳ್ಳುತ್ತಾರೆ. ಸರಕುಗಳ ಪಟ್ಟಿ, ಖರೀದಿ ಬುಟ್ಟಿ, ಹಣ ಪಾವತಿ ಮುಂತಾದ ಸೌಲಭ್ಯಗಳನ್ನು ತಾಣಕ್ಕೆ ಸೇರಿಸುವ ಉಪತಂತ್ರಾಂಶವೇ ಪ್ಲಗಿನ್. ಇದರಲ್ಲಿ ದೋಷವಿದ್ದಲ್ಲಿ ಹಲವು ದಿನಗಳ ಮಗ್ಗದ ದುಡಿಮೆಯ ಹಣ ಅನ್ಯರ ಪಾಲಾಗುವ ಸಂಭವವಿರುತ್ತದೆ.

ದೋಷದ ಸ್ವರೂಪ

ಗ್ರಾಹಕರು ಹೆಸರು, ವಿಳಾಸ, ಅಭಿಪ್ರಾಯ ಇತ್ಯಾದಿಗಳನ್ನು ತುಂಬುವ ಅಂಕಣದಲ್ಲಿ ದುಷ್ಕರ್ಮಿಯು ಅಕ್ಷರಗಳ ಬದಲು ಜಾವಾಸ್ಕ್ರಿಪ್ಟ್ ಆದೇಶಗಳನ್ನು ಬರೆಯಬಹುದು. ಪ್ಲಗಿನ್ ಅದನ್ನು ಪರಿಶೀಲಿಸದೆ ಪುಟದಲ್ಲಿ ತೋರಿಸಿದರೆ, ಬ್ರೌಸರ್ ಅದನ್ನು ತಾಣದ್ದೇ ಆದೇಶವೆಂದು ಭಾವಿಸಿ ಪಾಲಿಸುತ್ತದೆ. ಈ ದೋಷಕ್ಕೆ ಕ್ರಾಸ್-ಸೈಟ್ ಸ್ಕ್ರಿಪ್ಟಿಂಗ್ ಎಂಬ ಹೆಸರು 2000ನೇ ಇಸವಿಯಲ್ಲಿ ಬಳಕೆಗೆ ಬಂದಿತು.

ವಿಧಗಳು

1. ಸಂಗ್ರಹಿತ: ದುರುದ್ದೇಶದ ಆದೇಶವು ತಾಣದ ದತ್ತಸಂಚಯದಲ್ಲಿಯೇ ಉಳಿದು, ಆ ಪುಟ ತೆರೆದವರೆಲ್ಲರ ಬ್ರೌಸರ್‌ನಲ್ಲಿ ಜಾರಿಯಾಗುತ್ತದೆ. ಮಾರಾಟಗಾರರು ಬೇಡಿಕೆಗಳ ಪಟ್ಟಿ ತೆರೆದಾಗ ಅವರ ಲಾಗಿನ್ ಅಧಿಕಾರದಲ್ಲಿಯೇ ಅದು ಕಾರ್ಯನಿರ್ವಹಿಸಿ, ಪಾವತಿ ವಿವರವನ್ನು ಬದಲಿಸಬಹುದು ಅಥವಾ ಗ್ರಾಹಕರ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಹೊರಗೆ ರವಾನಿಸಬಹುದು.

2. ಪ್ರತಿಫಲಿತ: ಆದೇಶವು ಕೊಂಡಿಯಲ್ಲಿ ಅಡಗಿರುತ್ತದೆ. ಕೊಂಡಿಯನ್ನು ಒತ್ತಿದವರಿಗೆ ಮಾತ್ರ ಹಾನಿಯಾಗುತ್ತದೆ.

3. ಡಾಮ್ ಆಧಾರಿತ: ಸರ್ವರ್‌ನ ಪಾತ್ರವಿಲ್ಲದೆ, ಪುಟದ ಜಾವಾಸ್ಕ್ರಿಪ್ಟ್ ಮೂಲಕ ಬ್ರೌಸರ್‌ನಲ್ಲಿಯೇ ಉಂಟಾಗುತ್ತದೆ.

ವರದಿಯಾದ ಪ್ರಕರಣಗಳು

2014ರ ಸೆಪ್ಟೆಂಬರ್‌ನಲ್ಲಿ ಇಬೇ ತಾಣದ ಕೆಲವು ಮಾರಾಟ ಪುಟಗಳಲ್ಲಿ ಅಡಗಿಸಿದ್ದ ಆದೇಶಗಳು ಗ್ರಾಹಕರನ್ನು ನಕಲಿ ಲಾಗಿನ್ ಪುಟಕ್ಕೆ ಕೊಂಡೊಯ್ದವು. ವರ್ಡ್‌ಪ್ರೆಸ್ ತಾಣಗಳಲ್ಲಿ ವ್ಯಾಪಕವಾಗಿ ಬಳಸಲಾಗುವ ವೂಕಾಮರ್ಸ್ ಪ್ಲಗಿನ್‌ನ 8.8ನೇ ಆವೃತ್ತಿಯಲ್ಲಿ, ಗ್ರಾಹಕರು ಯಾವ ಮೂಲದಿಂದ ಬಂದರೆಂದು ದಾಖಲಿಸುವ ಸೌಲಭ್ಯದೊಡನೆ ಇಂತಹ ದೋಷ ಸೇರಿಕೊಂಡಿತ್ತು. ಇದು ಕೊಂಡಿಯ ಮೂಲಕ ಉಂಟಾಗುವ ಬಗೆಯದು. 2024ರ ಜೂನ್‌ನಲ್ಲಿ 8.8.5 ಹಾಗೂ 8.9.3 ಆವೃತ್ತಿಗಳ ಮೂಲಕ ಇದನ್ನು ಸರಿಪಡಿಸಲಾಯಿತು. ಹಳೆಯ ಆವೃತ್ತಿಯನ್ನೇ ಉಳಿಸಿಕೊಂಡ ತಾಣಗಳಿಗೆ ಈ ದುರಸ್ತಿಯ ಪ್ರಯೋಜನ ದೊರೆಯುವುದಿಲ್ಲ.

ಮಾರಾಟಗಾರರು ಅನುಸರಿಸಬೇಕಾದ ಕ್ರಮಗಳು

1. ವರ್ಡ್‌ಪ್ರೆಸ್, ಪ್ಲಗಿನ್ ಹಾಗೂ ಥೀಮ್‌ಗಳನ್ನು ಕಾಲಕಾಲಕ್ಕೆ ನವೀಕರಿಸತಕ್ಕದ್ದು.
2. ಬಳಕೆಯಲ್ಲಿಲ್ಲದ ಪ್ಲಗಿನ್‌ಗಳನ್ನು ತೆಗೆದುಹಾಕತಕ್ಕದ್ದು. ಉಚಿತವಾಗಿ ಹಂಚಲಾಗುವ ನಕಲಿ ಪ್ರತಿಗಳನ್ನು ಬಳಸಬಾರದು.
3. ತಾಣ ನಿರ್ಮಿಸುವವರೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ನವೀಕರಣದ ಹೊಣೆ ಯಾರದೆಂದು ಲಿಖಿತವಾಗಿ ನಮೂದಿಸತಕ್ಕದ್ದು.
4. ಗ್ರಾಹಕರು ತುಂಬಿದ ಮಾಹಿತಿಯನ್ನು ಪುಟದಲ್ಲಿ ಕೇವಲ ಅಕ್ಷರವಾಗಿ ತೋರಿಸುವ ವ್ಯವಸ್ಥೆ ಇದೆಯೇ ಎಂದು ನಿರ್ಮಾಣಕಾರರಿಂದ ಖಚಿತಪಡಿಸಿಕೊಳ್ಳತಕ್ಕದ್ದು.
5. ಆಡಳಿತ ಖಾತೆಯ ಕೆಲಸ ಮುಗಿದ ಕೂಡಲೇ ಲಾಗ್‌ಔಟ್ ಆಗತಕ್ಕದ್ದು. ಅಪರಿಚಿತರು ಕಳುಹಿಸಿದ ಕೊಂಡಿಗಳನ್ನು ತೆರೆಯಬಾರದು.
6. ಸರಕು ರವಾನಿಸುವ ಮುನ್ನ ಹಣ ಜಮೆಯಾಗಿರುವುದನ್ನು ಬ್ಯಾಂಕ್ ಖಾತೆಯಲ್ಲಿಯೇ ಪರಿಶೀಲಿಸತಕ್ಕದ್ದು.

ವಿಶೇಷ ಸೂಚನೆ: ವಿಳಾಸಪಟ್ಟಿಯಲ್ಲಿ ಕಾಣುವ ಬೀಗದ ಚಿಹ್ನೆಯು ಮಾಹಿತಿ ರವಾನೆಯ ಗೋಪ್ಯತೆಯನ್ನು ಮಾತ್ರ ಸೂಚಿಸುತ್ತದೆ. ಅದು ಈ ದೋಷವನ್ನು ತಡೆಯುವುದಿಲ್ಲ.

ದೂರು ಹಾಗೂ ಪರಿಹಾರ

ಹಣ ಕಳೆದುಕೊಂಡವರು ವಿಳಂಬವಿಲ್ಲದೆ ತಮ್ಮ ಬ್ಯಾಂಕಿಗೆ ತಿಳಿಸಿ, 1930 ಸಂಖ್ಯೆಗೆ ಕರೆ ಮಾಡುವುದು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಅಥವಾ ಪೊಲೀಸ್ ಠಾಣೆಯಲ್ಲಿಯೂ ದೂರು ಸಲ್ಲಿಸಬಹುದು. ಬೇಡಿಕೆಯ ವಿವರ, ಬ್ಯಾಂಕ್ ವ್ಯವಹಾರದ ಸಂಖ್ಯೆ, ಪರದೆಯ ಚಿತ್ರ ಮತ್ತು ಸರ್ವರ್ ದಾಖಲೆಗಳನ್ನು ಅಳಿಸದೆ ಕಾಯ್ದಿರಿಸತಕ್ಕದ್ದು.

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 43ರಲ್ಲಿ ಹೇಳಿರುವ ಕೃತ್ಯಗಳನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಎಸಗಿದಲ್ಲಿ, ಪ್ರಕರಣ 66ರ ಅನ್ವಯ 3 ವರ್ಷಗಳವರೆಗೆ ಕಾರಾವಾಸ ಅಥವಾ 5 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ. 5 ಕೋಟಿ ರೂಪಾಯಿ ಮೀರದ ನಷ್ಟ ಪರಿಹಾರದ ಕೋರಿಕೆಯನ್ನು ಪ್ರಕರಣ 46ರ ಅನ್ವಯ ನ್ಯಾಯನಿರ್ಣಯ ಅಧಿಕಾರಿಯವರಿಗೆ ಸಲ್ಲಿಸಬಹುದಾಗಿದೆ.